ಸರ್ಕಲ್ ಸುತ್ತಿದ ಇಬ್ಬರು ಜೋಕುಮಾರರು

ಮೊನ್ನೆ ಗದಗ ಸ್ಟೇಶನ್ನಿನಲ್ಲಿ ಇಳಿದು, ಆಟೋದವನಿಗೆ "ಹೊಸ ಎಕ್ಸ್‌ಟೆನ್ಶನ್ನಿಗೆ ನಡಿಯಪ್ಪಾ" ಅಂದೆ. ಹುಡುಗ ನನ್ನ ನರೆತ ತಲೆಯನ್ನೂ ಕೈಚೀಲವನ್ನೂ ನೋಡಿ, "ಯಾವ ಹೊಸಾದು ಅಜ್ಜೀ? ನೀವು ಹೇಳೂ ಹೊಸಾದು ಹಳೇದಾಗಿ ಭಾಳ ವರ್ಷ ಆತು" ಎಂದು ಹಲ್ಲು ಕಿರಿದ. ನಾಲ್ಕು ನೆಟ್ಟನೆಯ ರಸ್ತೆ, ನಡುವೆ ಒಂದು ಸರ್ಕಲ್ಲು, ಅದರ ನಡುವೆ ಕಾರಂಜಿ ಎಂದು ಗುರುತು ಹೇಳಿದೆ. ಅವನಿಗೆ ಥಟ್ಟನೆ ಹೊಳೆಯಿತು. "ಓ, ಜೋಕ್ಯಾನ ಸರ್ಕಲ್ಲೇನ್ರಿ? ಮದ್ಲ ಹಂಗ ಹೇಳಬಾರದ?"

ಆ ಸರ್ಕಲ್ಲಿಗೆ ದೊಡ್ಡ ದೇಶಭಕ್ತರೊಬ್ಬರ ಹೆಸರಿಟ್ಟು ಕಲ್ಲು ಕೂಡ ನೆಟ್ಟಿದ್ದರು. ಆ ಹೆಸರಿನಿಂದ ಅದನ್ನು ಯಾರೂ ಕರೆಯಲಿಲ್ಲ. ಜೋಕ್ಯಾ ಅಂದರೆ ನಮ್ಮ ಜೋಕುಮಾರಸ್ವಾಮಿ. ಭಾದ್ರಪದದಲ್ಲಿ ಗಣಪತಿ ಬಂದು ಹೋದ ಬೆನ್ನಿಗೆ, ಬುಟ್ಟಿಯಲ್ಲಿ ಕೂತು, ಹೆಂಗಸರ ತಲೆಯ ಮೇಲೆ ಮನೆಮನೆಗೆ ಬರುವ, ಮಳೆ ತರುವ ಮಣ್ಣಿನ ದೇವರು. ಮೈಮೇಲೆ ಬಟ್ಟೆಯಿಲ್ಲ, ಮೋರೆಯ ಮೇಲೆ ನಾಚಿಕೆಯಿಲ್ಲ, ಬಾಯಿತುಂಬ ಬೆಣ್ಣೆ. ಅಂಥವನ ಹೆಸರು ಅಂಥ ಸರ್ಕಲ್ಲಿಗೆ ಅಂಟಿಕೊಂಡದ್ದಕ್ಕೆ ಕಾರಣ ನಾನು. ಆಟೋದಲ್ಲಿ ಕೂತು ಒಬ್ಬಳೇ ನಗತೊಡಗಿದೆ. ಹುಡುಗ ಕನ್ನಡಿಯಲ್ಲಿ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದ.

ಅದು ಕನ್ನಡ ನಾಡೆಲ್ಲ ಒಂದಾಗುತ್ತದೆ ಎಂದು ಎಲ್ಲರೂ ಕಾಯುತ್ತಿದ್ದ ವರ್ಷದ ಮಳೆಗಾಲ. ನಾನು ಆಗಷ್ಟೇ ಲಕ್ಷ್ಮೇಶ್ವರದ ಗಂಡನ ಮನೆಯಿಂದ ಬಿಡುಗಡೆಯಾಗಿ ಬಂದಿದ್ದೆ. ಬಿಡುಗಡೆ ಅನ್ನುವ ಮಾತು ಸುಮ್ಮನೆ ಆಡುತ್ತಿಲ್ಲ. ಅದು ಗುಡಿಯ ಪೂಜೆ ನಡೆಸುವ ಮನೆತನ. ದೊಡ್ಡಪ್ಪ, ಚಿಕ್ಕಪ್ಪ, ಅವರ ಮಕ್ಕಳು, ಮೊಮ್ಮಕ್ಕಳು, ಬಂದುಹೋಗುವ ನೆಂಟರು, ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಮಲಗುವವರು. ಹೆಚ್ಚಿನ ಕೋಣೆಗಳಿಗೆ ಬಾಗಿಲಿರಲಿಲ್ಲ, ಇದ್ದ ಬಾಗಿಲಿಗೆ ಚಿಲಕವಿರಲಿಲ್ಲ. ಗಂಡನ ಜೊತೆ ನಾಲ್ಕು ಮಾತಾಡಬೇಕೆಂದರೆ ದನದ ಕೊಟ್ಟಿಗೆಗೆ ಹೋಗಬೇಕು. ಅಲ್ಲಿ ಎಮ್ಮೆ ಕಿವಿ ನಿಮಿರಿಸಿ ನಿಲ್ಲುತ್ತಿತ್ತು. ನಮ್ಮವರಿಗೆ ಗದಗಿನ ಹೈಸ್ಕೂಲಿನಲ್ಲಿ ಮಾಸ್ತರಿಕೆ ಸಿಕ್ಕು, ಹೊಸ ಎಕ್ಸ್‌ಟೆನ್ಶನ್ನಿನಲ್ಲಿ ಒಂದು ಪುಟ್ಟ ಮನೆ ಆದಾಗ ನಾನು ಮೊದಲು ಹೋಗಿ ನೋಡಿದ್ದು ಅಡುಗೆಮನೆಯನ್ನಲ್ಲ, ದೇವರ ಕೋಣೆಯನ್ನೂ ಅಲ್ಲ. ಮಲಗುವ ಕೋಣೆಯ ಬಾಗಿಲಿನ ಒಳಗಡೆ ಹಿತ್ತಾಳೆಯ ಚಿಲಕ ಇತ್ತು. ಅದನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದೆ. ಅಂಥ ಸಂಗೀತವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಆದರೆ ನಮ್ಮ ಜೊತೆ ಅತ್ತೆಯೂ ಬಂದಿದ್ದರು. ಒಬ್ಬನೇ ಮಗ, ಮಾವನವರು ತೀರಿಹೋಗಿದ್ದರು, ಬಾರದೆ ಇನ್ನೇನು ಮಾಡಿಯಾರು? ಅತ್ತೆಗೆ ಆ ಜಾಗ ಕಂಡರೆ ಮೈಯೆಲ್ಲ ಉರಿ. ಗದಗಿಗೂ ಬೆಟಗೇರಿಗೂ ನಡುವೆ ಜೋಳದ ಹೊಲವಿದ್ದಲ್ಲಿ ಸ್ಕೇಲು ಹಿಡಿದು ಗೆರೆ ಎಳೆದಂತೆ ರಸ್ತೆ ಹಾಕಿ ಕಟ್ಟಿದ ಬಡಾವಣೆ ಅದು. ಶಿರಹಟ್ಟಿಯಿಂದ ಬಂದ ಮಾಸ್ತರರು, ಮುಂಡರಗಿಯಿಂದ ಬಂದ ಕಚೇರಿಯ ಗುಮಾಸ್ತರು, ನಾವು, ಹೀಗೆ ಎಲ್ಲರೂ ಎಲ್ಲಿಂದಲೋ ಬಂದವರು. ಕಂಪೌಂಡು ಎತ್ತರ, ಪರಿಚಯ ಕಡಿಮೆ. ಒಂದು ಮಳೆ ಬಿದ್ದರೆ ಆ ನೆಟ್ಟನೆಯ ರಸ್ತೆಗಳ ಎರೆಮಣ್ಣು ಕಾಲಿಗೆ ಹತ್ತಿ, ಹೊರಗೆ ಹೋದವರು ಒಂದು ಗೇಣು ಎತ್ತರವಾಗಿ ಮನೆಗೆ ಬರುತ್ತಿದ್ದರು.

"ಇದು ಊರಲ್ಲ ಸುಶೀ, ಕಾಗದ" ಎನ್ನುತ್ತಿದ್ದರು ಅತ್ತೆ. "ಕಾಗದದ ಮ್ಯಾಲ ಗೆರಿ ಎಳದು, ಅದರ ಮ್ಯಾಲ ಮನಿ ಇಟ್ಟಾರ. ಮುಂಜಾನಿಂದ ಸಂಜೀತನ ಒಬ್ಬ ಬುಡಬುಡಕ್ಯಾ ಬರಲಿಲ್ಲ, ಒಬ್ಬಾಕಿ ಬಳಿಗಾರ್ತಿ ಬರಲಿಲ್ಲ. ಭಿಕ್ಷಾ ಬೇಡವ್ರಿಗೂ ಬ್ಯಾಡಾದ ಜಾಗಾ!" ನಮ್ಮವರು ಸಮಾಧಾನ ಮಾಡಲು ಹೋಗಿ, ಇನ್ನು ಸ್ವಲ್ಪ ದಿನಕ್ಕೆ ನಾಡೇ ಒಂದಾಗುತ್ತದೆ, ಎಲ್ಲ ಬದಲಾಗುತ್ತದೆ ಅಂದರು. ಅತ್ತೆ ಕೈ ಒದರಿದರು. "ನಮ್ಮೂರಿನ ಮಿರಜಿ ಸಂಸ್ಥಾನ ಹೋತು, ಮುಂಬೈ ಸರಕಾರ ಬಂತು, ಈಗ ಮೈಸೂರಂತ. ನಾ ಕುಂತಲ್ಲೇ ಕುಂತೀನಿ, ಸರಕಾರದವ್ರ ಓಡ್ಯಾಡಾಕತ್ಯಾರ."

ನಮ್ಮ ಬಡಾವಣೆಯ ಸಂಸ್ಕೃತಿಗೆಲ್ಲ ಓವರ್‌ಸಿಯರ್ ವೆಂಕೋಬರಾಯರೇ ಯಜಮಾನರು. ನಿವೃತ್ತರು. ಬಡಾವಣೆಯ ನಕಾಶೆ ಅವರೇ ಬರೆದದ್ದು, ನಮ್ಮ ಸಂಘದ ಕಾರ್ಯದರ್ಶಿಯೂ ಅವರೇ. ಸಂಜೆ ಛತ್ರಿ ಹಿಡಿದು ಹೊರಟರೆ, ರಸ್ತೆ ತಾವು ಬರೆದಂತೆಯೇ ನೆಟ್ಟಗಿದೆಯೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡುವವರು. ಅವರ ಜೀವವೆಲ್ಲ ಆ ಸರ್ಕಲ್ಲಿನಲ್ಲಿತ್ತು. ನಡುವೆ ನೀರಿಲ್ಲದ ಕಾರಂಜಿ, ಸುತ್ತ ಎದೆಮಟ್ಟದ ಮೆಹಂದಿ ಬೇಲಿ, "ಎಡಕ್ಕೆ ಸುತ್ತಿ ಹೋಗಿರಿ" ಎಂಬ ಬೋರ್ಡು. ಕುರ್ತಕೋಟಿಯಿಂದ ಬರುವ ಚಕ್ಕಡಿಯವರು ಆ ಬೋರ್ಡಿಗೇ ಎತ್ತು ಕಟ್ಟಿ ಬೀಡಿ ಸೇದುತ್ತಿದ್ದರು. ಬಡಾವಣೆ ಆದಂದಿನಿಂದ ಒಬ್ಬನಾದರೂ ಆ ಸರ್ಕಲ್ಲನ್ನು ಎಡಕ್ಕೆ ಸುತ್ತಿದ್ದನ್ನು ರಾಯರು ಕಣ್ಣಾರೆ ಕಂಡಿರಲಿಲ್ಲ.

ಗಣಪತಿ ಹಬ್ಬಕ್ಕೆ ರಾಯರು ಸರ್ಕಲ್ಲಿನಲ್ಲೇ ಪೆಂಡಾಲು ಹಾಕಿಸಿ, ಹೊಸ ಬಡಾವಣೆಗೆ ಹೊಸ ನಮೂನೆಯ ಸಂಸ್ಕೃತಿ ಬೇಕೆಂದು ಭಾಷಣ ಮಾಡಿದರು. ಆಮೇಲೆ ಮಕ್ಕಳ ದೃಶ್ಯ. ಒಬ್ಬೊಬ್ಬರ ಕೊರಳಿಗೆ ಒಂದೊಂದು ರಟ್ಟು: ಮುಂಬೈ, ಹೈದರಾಬಾದು, ಮದ್ರಾಸು, ಕೊಡಗು, ಮೈಸೂರು. ಹಾಡು ಮುಗಿದೊಡನೆ ಎಲ್ಲರೂ ಕೈಕೈ ಹಿಡಿದು ಒಂದು ನಾಡಾಗಬೇಕು. ಮುಂಬೈಯೂ ಹೈದರಾಬಾದೂ ಶಿರಹಟ್ಟಿ ಮಾಸ್ತರರ ಮಕ್ಕಳು. ಅಂದು ಬೆಳಿಗ್ಗೆಯೇ ಕಡಬಿನ ಸಲುವಾಗಿ ಬಡಿದಾಡಿದ್ದರು. "ಕೈ ಹಿಡೀರಲೇ, ನಾಡು ಒಂದಾಗಬೇಕು!" ಎಂದು ರಾಯರು ಪರದೆಯ ಮರೆಯಿಂದ ಹಲ್ಲು ಕಡಿದರು. "ಇಂವ ಕಚ್ಚತಾನ್ರೀ!" ಎಂದು ಮುಂಬೈ ಅಳತೊಡಗಿತು. ಏಕೀಕರಣ ಅಲ್ಲಿಗೆ ನಿಂತು ಮಂಗಳಾರತಿ ಆಯಿತು.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅತ್ತೆ ನಗಲಿಲ್ಲ. ಮನೆಗೆ ಬಂದವರೇ ಮಗನನ್ನು ಎದುರಿಗೆ ಕೂರಿಸಿಕೊಂಡರು.

"ಗಣಪ್ಪ ಬೀಗರಿದ್ದಂಗ. ಬಂದ, ಉಂಡ, ಹೋದ. ಮ್ಯಾಲ ಹೋಗಿ ಅವ್ವ-ಅಪ್ಪಗ ಎಲ್ಲಾ ಚಲೋ ಐತಿ ಅಂತಾನ. ಕೆಳಗಿನ ಮಂದಿ ತ್ರಾಸ ಹೇಳಾಂವ ಜೋಕುಮಾರ. ಹುಣ್ಣಿವಿ ಒಳಗ ಅಂವ ಇಲ್ಲಿಗೆ ಬಂದ್ರ ಇದು ಊರು. ಬರಲಿಲ್ಲಂದ್ರ ಹುಣ್ಣಿವಿ ಮರುದಿನ ನಾ ಲಕ್ಷ್ಮೇಶ್ವರದ ಬಸ್ಸ ಹತ್ತಾಕಿ."

"ಹಂಗ ಆಗ್ಲಿ ಬೇ" ಅಂದುಬಿಟ್ಟರು ನಮ್ಮವರು. ತಾಯಿಯ ಮುಂದೆ ಅವರ ಬೆನ್ನೆಲುಬು ನೆನೆದ ಹಪ್ಪಳ. ಅತ್ತೆ ಹೋದರೆ ಸೊಸೆಯೂ ಹೋಗಬೇಕು, ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ನಮ್ಮವರು ಇಲ್ಲಿ ಖಾನಾವಳಿಯಲ್ಲಿ ಉಂಡುಕೊಂಡಿರುತ್ತಾರೆ. ನಾನು ಅಲ್ಲಿ ಚಿಕ್ಕತ್ತೆಯರ ಸಾಲಿನಲ್ಲಿ ಮಲಗಿ, ತಿಂಗಳಿಗೊಮ್ಮೆ ಬರುವ ಗಂಡನನ್ನು ಎಮ್ಮೆಯ ಸಾಕ್ಷಿಯಲ್ಲಿ ಮಾತಾಡಿಸಬೇಕು. ಸಾಧ್ಯವೇ ಇಲ್ಲ, ಜೋಕುಮಾರನನ್ನು ಕಿವಿ ಹಿಡಿದಾದರೂ ಎಳೆದು ತರುತ್ತೇನೆ ಎಂದುಕೊಂಡೆ.

ಮರುದಿನವೇ ಗದಗಿನ ಹಳೇ ಓಣಿಗೆ ಹೋದೆ. ಅಲ್ಲಿ ಜೋಕುಮಾರನನ್ನು ಹೊರುವ ಮನೆತನದ ನಿಂಗವ್ವ ಸಿಕ್ಕಳು. ಒಳ್ಳೆ ಗಟ್ಟಿ ಹೆಂಗಸು, ಬಾಯಿ ಅದಕ್ಕಿಂತ ಗಟ್ಟಿ. "ನಿಮ್ಮ ಎಕ್ಸ್‌ಟೆನ್ಶನ್ನ ನಮ್ಮ ಸೀಮಿ ಅಲ್ರೀ ಅವ್ವಾರ. ಅದು ಬೆಟಗೇರಿ ಹೊಲ. ಒಬ್ಬರ ಸೀಮ್ಯಾಗ ಒಬ್ಬರ ಜೋಕುಮಾರ ಕಾಲಿಡಂಗಿಲ್ಲ. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ರಂದ್ರ ಮುಗೀತು, ಮಳಿ ಓಡಿ ಹೋಕ್ಕಾವು" ಅಂದಳು. ಬೆಟಗೇರಿಗೆ ಹೋದೆ. ಅಲ್ಲಿ ಹೊರುವವಳು ಫಕೀರವ್ವ. ತೆಳ್ಳಗೆ, ಕಡ್ಡಿಯ ಹಾಗೆ, ಮಾತು ಮಾತ್ರ ಚುರುಕು. "ಯಾರಂದ್ರ ಬೆಟಗೇರಿ ಹೊಲಾ ಅಂತ? ಅದು ಗದಗಿಂದು! ನಡುವ ಸೀಮಿಗಲ್ಲಿತ್ತು, ನೋಡಿಲ್ಲೇನ್ರಿ?" ಎಂದು ನನ್ನನ್ನೇ ಗದರಿಸಿದಳು.

ಹಾಗಾದರೆ ನೀನೇ ಬಂದು ಕಲ್ಲು ತೋರಿಸು ಎಂದು ಅವಳನ್ನು ಕರೆದುಕೊಂಡು ಬಂದೆ. ಹೊಲವಿದ್ದ ಕಾಲದ ಒಂದು ಗುರುತೂ ಉಳಿದಿರಲಿಲ್ಲ. ಸುತ್ತಿ ಸುತ್ತಿ ಸಾಕಾಗಿ, ನೀರು ಕುಡಿಯಲು ಅವಳು ನಮ್ಮ ಹಿತ್ತಲಿಗೆ ಬಂದಳು. ಅಲ್ಲಿ ಅತ್ತೆ ಸೀರೆ ಒಗೆಯುತ್ತಿದ್ದರು. ಫಕೀರವ್ವ ಕೈಯಲ್ಲಿನ ತಂಬಿಗೆ ಬಿಟ್ಟು ಬಾಯಿ ಬಾಯಿ ಬಡಿದುಕೊಂಡಳು.

"ಅಯ್ಯ ನನ ಶಿವನ! ಎಂಥಾ ಕೆಲಸ ಮಾಡೀರಿ ಯವ್ವಾ! ಸೀಮಿಗಲ್ಲಿನ ಮ್ಯಾಲ ಸೀರಿ ಒಗ್ಯಾಕತ್ತೀರಲ್ರೀ!"

ಅತ್ತೆ ಎತ್ತಿದ ಸೀರೆಯನ್ನು ಎತ್ತಿದ ಹಾಗೇ ಹಿಡಿದು ನಿಂತರು. ಖರೆ, ಅದು ಅದೇ ಕಲ್ಲು. ತಲೆಯ ಮೇಲೆ ಕೊರೆದ ಗುರುತು ಸಾಬೂನಿನ ಜಿಡ್ಡಿನಲ್ಲಿ ಮುಚ್ಚಿಹೋಗಿತ್ತು. ರಾಯರನ್ನು ಕೇಳಿದರೆ, "ಹೌದು, ರಸ್ತೇದ ನಟ್ಟ ನಡುವ ಇತ್ತು. ನಕಾಶೆದಾಗ ಇರಲಿಲ್ಲ, ಕೀಳಿಸಿದೆ. ಚಲೋ ಕಲ್ಲು, ಒಗ್ಯಾಕ ಆಗಲಿ ಅಂತ ನಿಮ್ಮಲ್ಲಿ ಹಾಕಿಸಿದೆ" ಅಂದರು ಸಮಾಧಾನವಾಗಿ. ಇಡೀ ದೇಶದ ಗಡಿಗಳ ಸಲುವಾಗಿ ದೊಡ್ಡವರೆಲ್ಲ ದಿಲ್ಲಿಯಲ್ಲಿ ತಲೆ ಕೆಡಿಸಿಕೊಂಡಿದ್ದಾಗ, ಗದಗು-ಬೆಟಗೇರಿಯ ಗಡಿಯನ್ನು ನಮ್ಮ ಅತ್ತೆ ದಿನಾ ಮುಂಜಾನೆ ಬಡಿದು ಬಡಿದು ತೆಳ್ಳಗೆ ಮಾಡುತ್ತಿದ್ದರು.

"ಕಲ್ಲ ಹೋದಮ್ಯಾಲ ಸೀಮಿ ಎಲ್ಲೆಂತ ತಿಳೀಬೇಕು? ಇನ್ನ ಇಲ್ಲಿಗೆ ಯಾರೂ ಬರಂಗಿಲ್ಲ ಬಿಡ್ರಿ" ಎಂದು ಫಕೀರವ್ವ ಹೊರಟುಹೋದಳು. ಅತ್ತೆ ಸಾವಕಾಶವಾಗಿ ಟ್ರಂಕು ಒರೆಸತೊಡಗಿದರು. ಒರೆಸುವಾಗ ಹಾಡಿಕೊಳ್ಳುತ್ತಲೂ ಇದ್ದರು. ನನಗೆ ರೋಷ ಉಕ್ಕಿತು.

ನ್ಯಾಯದಿಂದ ಬಾರದವರನ್ನು ಬೇರೆ ಹಾದಿಯಿಂದ ತರಬೇಕು. ನಾನು ತಿರುಗಿ ನಿಂಗವ್ವನ ಹತ್ತಿರ ಹೋಗಿ, ಮೋರೆ ಸಣ್ಣದು ಮಾಡಿ, "ಬೆಟಗೇರಿ ಫಕೀರವ್ವ ಏನೇನೋ ಅಂದಳು ನಿಂಗವ್ವಾ, ಹೇಳಾಕ ನನಗ ಮನಸಿಲ್ಲ" ಅಂದೆ. "ಏನಂದ್ಲು? ಹೇಳ್ರಿ!" "ಗದಗಿನವರ ಜೋಕುಮಾರಗ ಮೀಸಿ ಅಷ್ಟ ದೊಡ್ಡದು, ಎಕ್ಸ್‌ಟೆನ್ಶನ್ನಿಗೆ ಬರಾಕ ಧೈರ್ಯ ಇಲ್ಲ ಅಂದ್ಲು." ನಿಂಗವ್ವನ ಕಣ್ಣು ಕೆಂಪಗಾದವು. ಅಲ್ಲಿಂದ ನೇರ ಬೆಟಗೇರಿಗೆ ಹೋಗಿ ಅದೇ ಮಾತನ್ನು ಊರಿನ ಹೆಸರು ಬದಲಿಸಿ ಫಕೀರವ್ವನಿಗೂ ಹೇಳಿದೆ. ಇಬ್ಬರಲ್ಲಿ ಒಬ್ಬಳಿಗಾದರೂ ಸಿಟ್ಟು ಬಂದು ಬರಲಿ ಎಂಬುದು ನನ್ನ ಲೆಕ್ಕ. ಇಬ್ಬರಿಗೂ ಬರುತ್ತದೆ, ಅದೂ ಒಂದೇ ಗಳಿಗೆಗೆ ಬರುತ್ತದೆ ಎಂದು ಯಾರಿಗೆ ಗೊತ್ತು?

ಹುಣ್ಣಿಮೆಯ ಹಿಂದಿನ ದಿನ. ಉತ್ತರಿ ಮಳೆ ಮೋಡ ಕಟ್ಟಿ, ಬೀಳಲೋ ಬೇಡವೋ ಎಂದು ಮೀನ ಮೇಷ ಎಣಿಸುತ್ತಿತ್ತು. ಮಧ್ಯಾಹ್ನ ಗದಗಿನ ಕಡೆಯಿಂದ ಹಾಡು ಕೇಳಿಸಿತು. ನಾನು ಅಡುಗೆಮನೆಯಿಂದ ಕುಣಿಯುತ್ತ ಓಡಿ ಬಂದೆ. "ಬಂದ ಅತ್ತೀ, ಬಂದ!" ಅನ್ನುವಷ್ಟರಲ್ಲಿ ಬೆಟಗೇರಿಯ ಕಡೆಯಿಂದಲೂ ಹಾಡು ಕೇಳಿಸಿತು.

ಗೇಟಿಗೆ ಓಡಿ ನೋಡುತ್ತೇನೆ, ಆ ನೆಟ್ಟನೆಯ ರಸ್ತೆಯ ಆ ತುದಿಯಿಂದ ನಿಂಗವ್ವ, ಈ ತುದಿಯಿಂದ ಫಕೀರವ್ವ. ಇಬ್ಬರ ತಲೆಯ ಮೇಲೂ ಬೇವಿನ ಸೊಪ್ಪಿನ ಬುಟ್ಟಿ, ಬುಟ್ಟಿಯಲ್ಲಿ ಅಗಲ ಬಾಯಿಯ ಜೋಕುಮಾರ, ಹಿಂದೆ ಹಾಡುವ ಹೆಂಗಸರ ಹಿಂಡು. ಹಳೇ ಓಣಿಯಾಗಿದ್ದರೆ ಒಂದು ತಿರುವಾದರೂ ಮರೆ ಮಾಡುತ್ತಿತ್ತು. ರಾಯರ ರಸ್ತೆಯಲ್ಲಿ ಇರುವೆ ಬಂದರೂ ಕಾಣುತ್ತದೆ. ಇಬ್ಬರೂ ಸರ್ಕಲ್ಲಿನ ಹತ್ತಿರ ಗಕ್ಕನೆ ನಿಂತು, ಸೆರಗಿನಿಂದ ತಮ್ಮ ತಮ್ಮ ದೇವರ ಮೋರೆ ಮುಚ್ಚಿದರು.

"ಹೊಳ್ಳಿಸ್ಕೊಂಡ ಹೋಗಲೇ ನಿಮ್ಮಾಂವನ್ನ!"

"ನೀ ಹೊಳ್ಳಿಸ್ಕೊಂಡ ಹೋಗ ನಿಮ್ಮಾಂವನ್ನ! ಮೀಸಿ ಸುದ್ದಿ ಆಡ್ತಿಯಾ, ಮೀಸಿ ಸುದ್ದಿ?"

"ನಾ ಎಲ್ಲಿ ಆಡೇನಿ? ಆಡದಾಕಿ ನೀ!"

ಇನ್ನೊಂದು ಮಾತು ಮುಂದೆ ಹೋಗಿದ್ದರೆ ನನ್ನ ಹೆಸರು ಹೊರಗೆ ಬರುತ್ತಿತ್ತು. ಅಷ್ಟರಲ್ಲಿ ವೆಂಕೋಬರಾಯರು ಛತ್ರಿ ಎತ್ತಿಕೊಂಡು ಓಡಿ ಬಂದರು. ಅವರಿಗೆ ಜೋಕುಮಾರನ ಚಿಂತೆಯಿರಲಿಲ್ಲ, ಮಳೆಯ ಚಿಂತೆಯೂ ಇರಲಿಲ್ಲ. ಇಬ್ಬರೂ ಬಲಕ್ಕೆ ನಿಂತಿದ್ದರು, ಅದೊಂದೇ ಅವರಿಗೆ ಕಂಡದ್ದು. "ಎಡಕ್ಕ! ಎಡಕ್ಕ ನಡೀರಿ! ಬೋರ್ಡ್ ಕಾಣಂಗಿಲ್ಲೇನು? ಇಲ್ಲಿ ನಿಲ್ಲಂಗಿಲ್ಲ, ಸುತ್ತಿ ಹೋಗ್ರಿ, ಎಡಕ್ಕ ಸುತ್ರಿ!"

ಆ ಅಬ್ಬರಕ್ಕೆ ಇಬ್ಬರೂ ಬೆದರಿ ಎಡಕ್ಕೆ ಹೊರಟರು. ನಿಂಗವ್ವ ಆ ಕಡೆಯಿಂದ, ಫಕೀರವ್ವ ಈ ಕಡೆಯಿಂದ, ಇಬ್ಬರೂ ಒಂದೇ ದಿಕ್ಕಿಗೆ, ನಡುವೆ ಕಾರಂಜಿ, ಬೇಲಿ. ಅರ್ಧ ಸುತ್ತು ಆಗುವಷ್ಟರಲ್ಲಿ ಫಕೀರವ್ವನಿಗೆ ಹೊಳೆಯಿತು. ಹೀಗೆ ಎಷ್ಟು ಸುತ್ತಿದರೂ ಒಬ್ಬರ ಮೋರೆ ಒಬ್ಬರಿಗೆ ಕಾಣುವುದಿಲ್ಲ! ಅವಳು ದೇವರ ಮೇಲಿನ ಸೆರಗು ತೆಗೆದು ಹಾಡು ಎತ್ತಿದಳು. ಆ ಕಡೆ ನಿಂಗವ್ವ ಬಿಡುತ್ತಾಳೆಯೇ? ಅವಳೂ ತೆಗೆದು, ಇನ್ನೂ ಎತ್ತರದ ದನಿಯಲ್ಲಿ ಹಾಡಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಯಾರು ಮೊದಲು ನಿಂತರೂ ಅವರ ಊರಿಗೆ ಸೋಲು, ಹಾಗಾಗಿ ಯಾರೂ ನಿಲ್ಲಲಿಲ್ಲ.

ರಾಯರು ಬೋರ್ಡಿನ ಪಕ್ಕದಲ್ಲಿ ಕಲ್ಲಾಗಿ ನಿಂತಿದ್ದರು. ಅವರ ಸರ್ಕಲ್ಲನ್ನು ಮಂದಿ ಸುತ್ತುತ್ತಿದ್ದರು, ಎಡಕ್ಕೇ ಸುತ್ತುತ್ತಿದ್ದರು. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು ಪಾಪ. ಆಮೇಲೆ ಕಣ್ಣೊರೆಸಿಕೊಂಡು ದೇವರನ್ನು ಸರಿಯಾಗಿ ನೋಡಿದರು, ನೋಡಿ ಛತ್ರಿಯನ್ನು ಅಡ್ಡ ಹಿಡಿದರು. "ಹೆಣ್ಣಮಕ್ಕಳು ಅದಾರ, ದೇವ್ರಿಗೆ ಒಂದು ಧೋತರಾ ಉಡಸಬಾರದೇನವಾ?"

"ಉಡಸ್ರಿ! ಮಳಿನೂ ಧೋತರಾ ಉಟಗೊಂಡು ಮನ್ಯಾಗ ಕುಂದರತೈತಿ" ಎಂದು ಫಕೀರವ್ವ ನಿಲ್ಲದೆ ಮುಂದೆ ಹೋದಳು.

ಕಂಪೌಂಡುಗಳ ಗೇಟು ಒಂದೊಂದಾಗಿ ತೆರೆದವು. ಶಿರಹಟ್ಟಿ ಮಾಸ್ತರರ ಹೆಂಡತಿ ಮೊರದಲ್ಲಿ ಜೋಳ ತಂದಳು. ಮುಂಡರಗಿ ಗುಮಾಸ್ತರ ತಾಯಿ, ಸಂತೆಯಲ್ಲಿ ಅಸುಂಡಿಯ ಬೆಣ್ಣೆಯವಳ ಹತ್ತಿರ ಅಂದೇ ಕೊಂಡಿದ್ದ ಬೆಣ್ಣೆಯ ಮುದ್ದೆಯನ್ನೇ ತಂದು ಇಬ್ಬರು ದೇವರ ಬಾಯಿಗೂ ಮೆತ್ತಿದಳು. ನಮ್ಮಲ್ಲಿ ಈ ಹಾಡು ಹೀಗಲ್ಲ ಎಂದು ಒಬ್ಬಳು, ನಮ್ಮ ಕಡೆ ಧಾಟಿಯೇ ಬೇರೆ ಎಂದು ಇನ್ನೊಬ್ಬಳು. ತಿಂಗಳುಗಟ್ಟಲೆ ಮಾತಾಡದ ಹೆಂಗಸರು ಅಲ್ಲಿ ಜಗಳವನ್ನೇ ಶುರು ಮಾಡಿದ್ದರು. ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅತ್ತೆಯನ್ನು ಮರೆತೇಬಿಟ್ಟಿದ್ದೆ.

ತಿರುಗಿ ನೋಡಿದರೆ ಅತ್ತೆ ಗೇಟಿನಲ್ಲಿ ನಿಂತಿದ್ದರು. ಬಡಾವಣೆಗೆ ಬಂದಂದಿನಿಂದ ಒಮ್ಮೆಯೂ ತಾವಾಗಿ ಗೇಟು ದಾಟದವರು, ಮೊರ ತುಂಬ ಜೋಳ ಹಿಡಿದು, ಎರೆಮಣ್ಣಿನಲ್ಲಿ ಪಚಕ್ ಪಚಕ್ ಎಂದು ಕಾಲಿಡುತ್ತ ಬಂದರು. ಹಾಡುವವರ ನಡುವೆ ನುಗ್ಗಿ, "ಇಬ್ಬರದೂ ತಪ್ಪು. ಅದು ಹಿಂಗ" ಎಂದು ತಾವೇ ಹಾಡಿದರು. ಆಮೇಲೆ ಫಕೀರವ್ವನನ್ನು ತಡೆದು ನಿಲ್ಲಿಸಿ, ಬುಟ್ಟಿ ಇಳಿಸಿಕೊಂಡು, ದೇವರ ಕಿವಿಗೆ ಬಾಗಿದರು. ಎದುರು ದಿಕ್ಕಿನಲ್ಲಿ ನಿಂಗವ್ವನೂ ನಿಂತಳು. ಕಷ್ಟ ಹೇಳಿಕೊಳ್ಳುವಾಗ ಎಲ್ಲರೂ ಸುಮ್ಮನಾಗುವುದು ಪದ್ಧತಿ.

ಅತ್ತೆ ಈಗ ಈ ಮನೆ ಬೇಡ, ಈ ಊರು ಬೇಡ ಅಂದರೆ ಮುಗಿಯಿತು, ದೇವರ ಮುಂದೆ ಆಡಿದ ಮಾತನ್ನು ಅತ್ತ ಇತ್ತ ಮಾಡುವ ಹೆಂಗಸಲ್ಲ. ಅಲ್ಲದೆ ಅತ್ತೆಗೆ ಪಿಸುಮಾತು ಬರುತ್ತಿರಲಿಲ್ಲ. ಅಟ್ಟದಿಂದ ಹಿತ್ತಲಿಗೆ ಕೂಗಿ ಕೂಗಿ ಬೆಳೆದ ಗಂಟಲು. ಕಿವಿಯಲ್ಲಿ ಹೇಳಿದ್ದು ಇಡೀ ಬಡಾವಣೆಗೆ ಕೇಳಿಸಿತು.

"ಯಪ್ಪಾ ಜೋಕುಮಾರಾ, ಮ್ಯಾಲ ಹೋಗಿ ಶಿವಪ್ಪಗ ಹೇಳು. ಇಲ್ಲಿ ರಸ್ತೆ ನೆಟ್ಟಗ ಅದಾವು, ಮನಿ ಗಟ್ಟಿ ಅದಾವು. ಆದ್ರ ಗ್ವಾಡಿ ಭಾಳ ತೆಳ್ಳಗ. ನನ್ನ ಸೊಸಿ ಒಳಗ ಚಿಲಕಾ ಹಾಕ್ಕೊಂಡು ನಗೂದು ಹೊರಗ ಪೂರಾ ಕೇಳತೈತಿ."

ಸರ್ಕಲ್ಲಿಗೆ ಸರ್ಕಲ್ಲೇ ಹೋ ಎಂದಿತು. ಶಿರಹಟ್ಟಿ ಮಾಸ್ತರರ ಹೆಂಡತಿ ಮೊರದಿಂದ ಮೋರೆ ಮುಚ್ಚಿಕೊಂಡಳು. ಸಾಲಿಯಿಂದ ಆಗಷ್ಟೇ ಬಂದ ನಮ್ಮವರು ಸೈಕಲ್ ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೊರಟುಹೋದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆಗೆ ಯಾರ ಪರಿವೆಯೂ ಇಲ್ಲ. ಅವರ ಮಾತು ಇನ್ನೂ ಮುಗಿದಿರಲಿಲ್ಲ.

"ಕೇಳಲಿ ಬಿಡು. ಲಕ್ಷ್ಮೇಶ್ವರದ ಮನ್ಯಾಗ ಆಕಿ ನಕ್ಕಿದ್ದು ನಾ ಒಂದಿನ ಕೇಳಿಲ್ಲ. ಆ ಮನ್ಯಾಗ ನಾನೂ ನಕ್ಕಿಲ್ಲ. ಹೊಸದಾಗಿ ಬಂದಾಗ ಒಮ್ಮೆ ನಕ್ಕಿದ್ದಕ್ಕ ನಮ್ಮತ್ತಿ ಮೂರು ದಿನ ಮಾತು ಬಿಟ್ಟಿದ್ಲು, ಆಮ್ಯಾಲ ನಗೂದ ಮರತೆ. ನನ್ನ ತ್ರಾಸ ಇಷ್ಟ ಯಪ್ಪಾ. ಈಗ ಹೇಳಿ ಏನೂ ಉಪಯೋಗಿಲ್ಲ. ಮಳಿ ಒಂದ ಕೊಡಂತ ಹೇಳು, ಸಾಕು."

ಯಾರೂ ನಗಲಿಲ್ಲ. ಫಕೀರವ್ವ ಜೋಕುಮಾರನ ಪ್ರಸಾದವೆಂದು ಬೇವಿನ ಎಲೆಯಲ್ಲಿ ಹಿಡಿ ನುಚ್ಚು ಇಟ್ಟು ಅತ್ತೆಯ ಕೈಗೆ ಕೊಟ್ಟಳು. ನನಗೆ ಅಳು ತಡೆಯಲಾಗಲಿಲ್ಲ. ಅವರ ಕಾಲು ಹಿಡಿಯೋಣವೆಂದು ಬಾಗಿದರೆ, "ಏಳ, ಸೀರಿಗೆ ರಾಡಿ ಹತ್ತತೈತಿ" ಎಂದು ಗದರಿಸಿದರು. ಸಂಜೆಗೆ ಮಳೆ ಬಂತು. ಹುಣ್ಣಿಮೆಯ ಮರುದಿನ ಲಕ್ಷ್ಮೇಶ್ವರದ ಬಸ್ಸು ಅತ್ತೆಯನ್ನು ಬಿಟ್ಟೇ ಹೋಯಿತು.

ಆದರೆ ನನ್ನ ಫಜೀತಿ ಆಗ ಶುರುವಾಯಿತು. ಗೋಡೆಯ ಸಂಗತಿ ಇಡೀ ಎಕ್ಸ್‌ಟೆನ್ಶನ್ನಿಗೆ ಗೊತ್ತಾಗಿತ್ತು. ನಮ್ಮವರು ಎಂಥ ತಮಾಷೆ ಹೇಳಿದರೂ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂರುತ್ತಿದ್ದೆ. ಹಾಗೇ ಒಂದು ವಾರ ಕಳೆದಿರಬೇಕು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ, ಅತ್ತೆ ಬಂದು ಒಲೆಯ ಮುಂದೆ ಕೂತರು. ಕಟ್ಟಿಗೆ ಒಳಕ್ಕೆ ತಳ್ಳಿದರು. ಆಮೇಲೆ ನನ್ನ ಮೋರೆಯನ್ನೇ ದಿಟ್ಟಿಸಿ ನೋಡಿ, ತಮಗೆ ಬಾರದ ಪಿಸುಮಾತಿನಲ್ಲಿ ಕೇಳಿದರು:

"ಯಾಕ ಸುಶೀ, ಇಬ್ಬರೂ ಜಗಳಾಡೀರೇನು? ಭಾಳ ದಿನ ಆತು, ಸಪ್ಪಳಾನ ಇಲ್ಲ. ನನಗ ನಿದ್ದಿ ಹತ್ತವಲ್ದು."